ಇ-ರೀಡರ್‌ನಲ್ಲಿ ಒಂದು ಪುಟ, ಫೋನಿನಲ್ಲಿ ಇನ್ನೊಂದು: ಸಿಂಕ್ ಸರಿಪಡಿಸುವ ಬಗೆ

ಇ-ರೀಡರ್‌ನಲ್ಲಿ 12ನೇ ಅಧ್ಯಾಯಕ್ಕೆ ಬಂದಿರುವ ಪುಸ್ತಕ ಫೋನಿನಲ್ಲಿ ಇನ್ನೂ 7ನೇ ಅಧ್ಯಾಯದಲ್ಲೇ ಕೂತಿದ್ದರೆ, ರೀಸೆಟ್‌ಗೆ ಕೈಹಾಕುವ ಮೊದಲು ಒಂದು ವಿಷಯ ಗೊತ್ತಿರಲಿ. ಈ ಎರಡು ಸಾಧನಗಳು ಪರಸ್ಪರ ನೇರವಾಗಿ ಮಾತಾಡುವುದೇ ಇಲ್ಲ. ಬ್ಲೂಟೂತ್‌ಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೂ ಏನೂ ಆಗದು. ಇ-ರೀಡರ್ ತಾನಿರುವ ಪುಟವನ್ನು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ತಿಳಿಸುತ್ತದೆ, ಫೋನಿನ ಆ್ಯಪ್ ಅದನ್ನು ಅಲ್ಲಿಂದ ತರಿಸಿಕೊಳ್ಳುತ್ತದೆ. ಹೀಗೆ ಎರಡೂ ಕಡೆ ಒಂದೇ ಪುಟ ಬರುವಂತೆ ಮಾಡುವುದೇ ಸಿಂಕ್. ಹಾಗಾಗಿ ಕೆಟ್ಟಿರುವುದು ಮೂರರಲ್ಲಿ ಒಂದು: ಇ-ರೀಡರ್ ಕಳಿಸುತ್ತಿಲ್ಲ, ಫೋನ್ ತರಿಸಿಕೊಳ್ಳುತ್ತಿಲ್ಲ, ಇಲ್ಲವೇ ಎರಡರಲ್ಲಿರುವ ಪುಸ್ತಕವೂ ಒಂದೇ ಎಂದು ಸರ್ವರ್‌ಗೆ ಗೊತ್ತೇ ಇಲ್ಲ. ಯಾವುದೆಂದು ತಿಳಿಯದೆ ಎಲ್ಲ ಸೆಟ್ಟಿಂಗ್ ತಿರುವುತ್ತ ಕೂತರೆ ಅರ್ಧ ದಿನ ಹೋಗುತ್ತದೆ, ಕೆಲವೊಮ್ಮೆ ಟಿಪ್ಪಣಿಗಳೂ ಹೋಗುತ್ತವೆ.

ಇಲ್ಲಿನ ಹೆಚ್ಚಿನ ವಿವರ ಅಮೆಜಾನ್‌ನ ಇ-ರೀಡರ್ ಆದ ಕಿಂಡಲ್‌ಗೆ ಸೇರಿದ್ದು; ಖಾತೆ ಎಂದಲ್ಲೆಲ್ಲ ಅಮೆಜಾನ್ ಖಾತೆ ಎಂದೇ ತಿಳಿಯಿರಿ. ಇನ್ನೊಂದು ಕಂಪನಿಯ ಇ-ರೀಡರ್ ಕೋಬೊ ಮತ್ತು ಓದುವ ಉಚಿತ ಆ್ಯಪ್ ಕೋರೀಡರ್ ಬಗ್ಗೆ ಮುಂದೆ ಬೇರೆಯಾಗಿ ಹೇಳಿದೆ. ಮೆನುವಿನ ಹೆಸರುಗಳು ಸಾಫ್ಟ್‌ವೇರ್ ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗುತ್ತವೆ.

ಆ ಪುಸ್ತಕ ಸಿಂಕ್ ಆಗುವಂಥದ್ದೇ?

ಬಹಳಷ್ಟು ದೂರುಗಳು ಇಲ್ಲೇ ಮುಗಿಯುತ್ತವೆ. ಯುಎಸ್‌ಬಿ ಕೇಬಲ್ ಹಾಕಿ ಕಿಂಡಲ್‌ಗೆ ನಕಲು ಮಾಡಿದ ಪುಸ್ತಕದ ಪುಟ ಫೋನಿಗೆ ಬರುವುದಿಲ್ಲ. ಇ-ಪುಸ್ತಕಗಳನ್ನು ಜೋಡಿಸಿಡುವ ಕಂಪ್ಯೂಟರ್ ತಂತ್ರಾಂಶ ಕ್ಯಾಲಿಬರ್‌ನಿಂದ ಕೇಬಲ್ ಮೂಲಕ ಕಳಿಸಿದ್ದಕ್ಕೂ ಇದೇ ಮಾತು. ಆ ಫೈಲ್ ಖಾತೆಯ ಲೈಬ್ರರಿಯಲ್ಲಿ ಇಲ್ಲ, ಆದ್ದರಿಂದ ಅದರ ಪುಟವನ್ನು ಬರೆದಿಟ್ಟುಕೊಳ್ಳಲು ಸರ್ವರ್‌ನಲ್ಲಿ ಜಾಗವೇ ಇಲ್ಲ. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಸರಿಹೋಗದು.

ಪರಿಹಾರ ಅದೇ ಫೈಲನ್ನು ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ಸೇವೆಯ ಮೂಲಕ ಕಳಿಸುವುದು. ಇಪಬ್ (.epub) ಮಾದರಿಯ ಫೈಲನ್ನು ಹಾಗೆಯೇ ಕಳಿಸಬಹುದು. ಹಳೆಯ ಮೋಬಿ (.mobi) ಮಾದರಿಯ ಫೈಲ್ ಇದ್ದರೆ ಮೊದಲು ಕ್ಯಾಲಿಬರ್‌ನಲ್ಲಿ ಇಪಬ್‌ಗೆ ಬದಲಿಸಿಕೊಳ್ಳಿ, ಏಕೆಂದರೆ ಈ ಸೇವೆ ಈಗ ಮೋಬಿಯನ್ನು ತೆಗೆದುಕೊಳ್ಳುವುದಿಲ್ಲ. ಇಮೇಲ್‌ನಲ್ಲಾದರೆ 50 ಎಂಬಿ, ವೆಬ್ ಪುಟದಲ್ಲಿ ಅಪ್‌ಲೋಡ್ ಮಾಡಿದರೆ 200 ಎಂಬಿ ಮಿತಿ. ಇಮೇಲ್‌ನಲ್ಲಿ ಕಳಿಸಿದ್ದು ತಲುಪಲೇ ಇಲ್ಲವೆಂದಾದರೆ, ನೀವು ಕಳಿಸಿದ ವಿಳಾಸ ಖಾತೆಯ ಅನುಮೋದಿತ ವಿಳಾಸಗಳ ಪಟ್ಟಿಯಲ್ಲಿ ಇದೆಯೇ ನೋಡಿ. ಪಟ್ಟಿಯ ಹತ್ತಿರವೇ, ಪರ್ಸನಲ್ ಡಾಕ್ಯುಮೆಂಟ್ ಸೆಟ್ಟಿಂಗ್ಸ್‌ನಲ್ಲಿ, ಆರ್ಕೈವಿಂಗ್ ಎಂಬ ಆಯ್ಕೆಯೂ ಇರುತ್ತದೆ. ಅದು ಆಫ್ ಆಗಿದ್ದರೆ ಕಡತ ಸಾಧನಕ್ಕೆ ಬಂದರೂ ಲೈಬ್ರರಿಯಲ್ಲಿ ಉಳಿಯುವುದಿಲ್ಲ, ಸಿಂಕ್ ಕೂಡ ಆಗುವುದಿಲ್ಲ. ಲೈಬ್ರರಿಗೆ ಸೇರಿದ ಮೇಲೆ ಕೇಬಲ್‌ನಲ್ಲಿ ಹಾಕಿದ್ದ ಹಳೆಯ ಪ್ರತಿಯನ್ನು ಅಳಿಸಿ, ಹೊಸದನ್ನು ಎರಡೂ ಸಾಧನದಲ್ಲಿ ಇಳಿಸಿಕೊಳ್ಳಿ. ಎರಡು ಪ್ರತಿ ಒಟ್ಟಿಗಿದ್ದರೆ ತಪ್ಪಾದದ್ದನ್ನೇ ತೆರೆದು ಓದುವುದು ಖಂಡಿತ.

ಅಂಗಡಿಯಿಂದ ಕೊಂಡ ಪುಸ್ತಕದಲ್ಲೂ ಇಂಥದೇ ಗೊಂದಲ ಆಗುತ್ತದೆ: ಫೋನಿನಲ್ಲಿರುವುದು ಉಚಿತ ಸ್ಯಾಂಪಲ್, ಇ-ರೀಡರ್‌ನಲ್ಲಿ ಪೂರ್ತಿ ಪುಸ್ತಕ. ಅಥವಾ ಒಂದೇ ಹೆಸರಿನ ಎರಡು ಬೇರೆ ಆವೃತ್ತಿಗಳು. ರಕ್ಷಾಪುಟ ಒಂದೇ ಥರ ಕಂಡರೂ ಸರ್ವರ್ ಲೆಕ್ಕದಲ್ಲಿ ಅವು ಬೇರೆ ಬೇರೆ ಪುಸ್ತಕ. ಎರಡು ಸಾಧನಗಳು ಬೇರೆ ಬೇರೆ ಇಮೇಲ್‌ನ ಖಾತೆಯಲ್ಲಿ ಲಾಗಿನ್ ಆಗಿವೆಯೇ ಎಂಬುದನ್ನೂ ಈ ಹಂತದಲ್ಲೇ ನೋಡಿಬಿಡಿ.

ಇನ್ನು ಪುಟಸಂಖ್ಯೆ. ಫೋನಿನ ಪರದೆಯಲ್ಲಿ ಹಿಡಿಸುವ ಪದಗಳು ಕಡಿಮೆ, ಒಂದು ಸಾಧನ ಪುಟಸಂಖ್ಯೆ ತೋರಿಸುತ್ತಿದ್ದರೆ ಇನ್ನೊಂದು ಲೊಕೇಶನ್ (ಪುಟದ ಬದಲು ಪಠ್ಯದೊಳಗಿನ ಜಾಗದ ಸಂಖ್ಯೆ) ತೋರಿಸುತ್ತಿರಬಹುದು. ಹೋಲಿಸುವಾಗ ಸಂಖ್ಯೆ ನೋಡಬೇಡಿ, ವಾಕ್ಯ ನೋಡಿ. ನಾಲ್ಕಾರು ಸಾಲು ಹಿಂದೆ ಮುಂದೆ ಆಗುವುದು ದೋಷವಲ್ಲ.

ಯಾವ ಕಡೆ ತಪ್ಪಿದೆ: ಐದು ನಿಮಿಷದ ಪರೀಕ್ಷೆ

ಇದಕ್ಕೆ ಮೂರನೇ ಸಾಕ್ಷಿ ಬೇಕು. ಕಿಂಡಲ್‌ಗಾದರೆ ಅದು ಬ್ರೌಸರ್‌ನಲ್ಲಿ ತೆರೆಯುವ, ಅಮೆಜಾನ್‌ನ ಕಿಂಡಲ್ ನೋಟ್‌ಬುಕ್ ಪುಟ: ನೀವು ಗುರುತು ಹಾಕಿದ ಸಾಲುಗಳು, ಬರೆದ ಟಿಪ್ಪಣಿಗಳು ಸರ್ವರ್‌ನಲ್ಲಿ ಹೇಗಿವೆಯೋ ಹಾಗೆ ಅಲ್ಲಿ ಕಾಣುತ್ತವೆ. ಪರೀಕ್ಷೆಗೆ ಅಂಗಡಿಯಿಂದ ಕೊಂಡ ಪುಸ್ತಕವನ್ನೇ ಬಳಸಿ. ನೀವಾಗಿ ಕಳಿಸಿದ ಕಡತಗಳ ಗುರುತುಗಳನ್ನು ಆ ಪುಟದಲ್ಲಿ ಹುಡುಕಿ ಪ್ರಯೋಜನವಿಲ್ಲ.

1. ಇ-ರೀಡರ್‌ನಲ್ಲಿ ಒಂದು ಪದಕ್ಕೆ ಹೈಲೈಟ್ ಹಾಕಿ.
2. ಪುಸ್ತಕದಿಂದ ಹೊರಬಂದು ಹೋಮ್ ಪರದೆಗೆ ಬನ್ನಿ. ಮೇಲಿನಿಂದ ಕೆಳಕ್ಕೆ ಎಳೆದು ‘ಸಿಂಕ್’ ಒತ್ತಿ. ಒಂದು ನಿಮಿಷ ಮುಚ್ಚಬೇಡಿ.
3. ಬ್ರೌಸರ್‌ನಲ್ಲಿ ನೋಟ್‌ಬುಕ್ ಪುಟವನ್ನು ರಿಫ್ರೆಶ್ ಮಾಡಿ.

ಹೈಲೈಟ್ ಅಲ್ಲಿ ಬಂದಿದ್ದರೆ ಇ-ರೀಡರ್ ಸರಿಯಾಗಿದೆ, ಇನ್ನು ಅದನ್ನು ಮುಟ್ಟಬೇಡಿ, ತೊಂದರೆ ಫೋನಿನದು. ಬಾರದಿದ್ದರೆ ಫೋನನ್ನು ಬದಿಗಿಡಿ. ಬೇರೆ ಕಂಪನಿಯ ಇ-ರೀಡರ್ ಆದರೆ ಅದೇ ಖಾತೆಗೆ ಲಾಗಿನ್ ಆದ ಟ್ಯಾಬ್ಲೆಟ್ ಅಥವಾ ಎರಡನೇ ಫೋನನ್ನು ಸಾಕ್ಷಿಯಾಗಿ ಬಳಸಬಹುದು.

ಇ-ರೀಡರ್ ಕಳಿಸುತ್ತಿಲ್ಲ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಓದುವವರ ಅಭ್ಯಾಸ. ಪುಟ ಓದಿ, ಕವರ್ ಪಟ್ಟನೆ ಮುಚ್ಚಿಬಿಡುತ್ತೇವೆ. ಬ್ಯಾಟರಿ ಉಳಿಸಲೆಂದು ಇ-ರೀಡರ್ ನಿದ್ರೆಗೆ ಜಾರುವಾಗ ವೈ-ಫೈಯನ್ನೂ ಮಲಗಿಸುತ್ತದೆ. ಪುಟದ ಮಾಹಿತಿ ಹೊರಡುವ ಮೊದಲೇ ಬಾಗಿಲು ಹಾಕಿದಂತಾಗುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲೇ ಓದುವವರಿಗಂತೂ ಇದು ದಿನನಿತ್ಯದ ಕಥೆ. ಫೋನಿನಲ್ಲಿ ಮುಂದುವರಿಸುವ ಯೋಚನೆ ಇದ್ದರೆ ವೈ-ಫೈ ಆನ್ ಮಾಡಿ, ಹೋಮ್ ಪರದೆಗೆ ಬಂದು, ಅರ್ಧ ನಿಮಿಷ ಬಿಟ್ಟು ಮುಚ್ಚಿ.

ಹಾಗೆ ಮಾಡಿದರೂ ಆಗದಿದ್ದರೆ ಸೆಟ್ಟಿಂಗ್ಸ್ → ಡಿವೈಸ್ ಆಪ್ಷನ್ಸ್ → ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ‘ವಿಸ್ಪರ್‌ಸಿಂಕ್ ಫಾರ್ ಬುಕ್ಸ್’ ಆನ್ ಇದೆಯೇ ನೋಡಿ. ಕಿಂಡಲ್‌ನಲ್ಲಿ ಪುಟ, ಟಿಪ್ಪಣಿಗಳ ಸಿಂಕ್‌ಗೆ ಇರುವ ಹೆಸರೇ ವಿಸ್ಪರ್‌ಸಿಂಕ್. ಇದೇ ಸ್ವಿಚ್ ಖಾತೆಯ ವೆಬ್ ಪುಟದಲ್ಲೂ, ಕಂಟೆಂಟ್ ಮತ್ತು ಡಿವೈಸ್ ನಿರ್ವಹಿಸುವ ಭಾಗದ ಪ್ರಿಫರೆನ್ಸಸ್‌ನಲ್ಲಿ, ಇನ್ನೊಂದಿದೆ. ಅಲ್ಲಿ ಆಫ್ ಆಗಿದ್ದರೆ ಸಾಧನದಲ್ಲಿ ಆನ್ ಇದ್ದೂ ಉಪಯೋಗವಿಲ್ಲ.

ಮುಂದಿನದು ಗಡಿಯಾರ. ಬ್ಯಾಟರಿ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದ ಇ-ರೀಡರ್‌ನಲ್ಲಿ ಸಮಯ ತಪ್ಪಿರಬಹುದು. ಸರ್ವರ್ ಜೊತೆಗಿನ ಸುರಕ್ಷಿತ ಸಂಪರ್ಕ ಪ್ರಮಾಣಪತ್ರಗಳ ಮೇಲೆ ನಿಂತಿದೆ, ಪ್ರತಿಯೊಂದಕ್ಕೂ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂಬ ಅವಧಿ ಇದೆ. ಸಾಧನದ ದಿನಾಂಕ ಆ ಅವಧಿಯ ಹೊರಗೆ ಬಿದ್ದರೆ ವೈ-ಫೈ ಗುರುತು ಪೂರ್ತಿ ತೋರಿಸುತ್ತಿದ್ದರೂ ಸಂಪರ್ಕ ಮುರಿಯುತ್ತದೆ. ಡಿವೈಸ್ ಟೈಮ್‌ನಲ್ಲಿ ಸಮಯ ಸರಿಪಡಿಸಿ, ಪವರ್ ಬಟನ್ 40 ಸೆಕೆಂಡ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ. ಈ ರೀಸ್ಟಾರ್ಟ್‌ನಿಂದ ಪುಸ್ತಕಗಳು ಅಳಿಯುವುದಿಲ್ಲ. ಅರ್ಧಕ್ಕೆ ಸಿಕ್ಕಿಕೊಂಡ ಡೌನ್‌ಲೋಡ್‌ಗಳೂ ಹಲವು ಸಲ ಇದರಿಂದಲೇ ಬಿಡಿಸಿಕೊಳ್ಳುತ್ತವೆ.

ಇಷ್ಟಾದರೂ ಆಗದಿದ್ದರೆ ರೌಟರ್ ಮೇಲೆ ಅನುಮಾನ ಪಡಿ. ಖಚಿತಪಡಿಸಿಕೊಳ್ಳುವ ಸುಲಭ ದಾರಿ ಫೋನಿನ ಹಾಟ್‌ಸ್ಪಾಟ್. ಹಳೆಯ ಇ-ರೀಡರ್‌ಗಳು 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಮಾತ್ರ ಹಿಡಿಯುತ್ತವೆ, ಆದ್ದರಿಂದ ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಬ್ಯಾಂಡನ್ನು 2.4ಕ್ಕೆ ಇಡಿ, ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಹಾಟ್‌ಸ್ಪಾಟ್‌ನಲ್ಲಿ ಸಿಂಕ್ ಆಗಿ ರೌಟರ್‌ನಲ್ಲಿ ಆಗದಿದ್ದರೆ ರೌಟರ್‌ನಲ್ಲಿ ಇವನ್ನು ನೋಡಿ:

- ವೈ-ಫೈ ಭದ್ರತೆಯ ವಿಧಾನ ಹೊಸ ಡಬ್ಲ್ಯುಪಿಎ3 ಮಾತ್ರ ಆಗಿದೆಯೇ? ಡಬ್ಲ್ಯುಪಿಎ2/3 ಮಿಶ್ರ ಅಥವಾ ಡಬ್ಲ್ಯುಪಿಎ2ಗೆ ಬದಲಿಸಿ.
- 2.4 ಗಿಗಾಹರ್ಟ್ಸ್‌ನ ಚಾನೆಲ್ 12 ಅಥವಾ 13 ಆಗಿದೆಯೇ? ಅನೇಕ ಹಳೆಯ ಇ-ರೀಡರ್‌ಗಳಿಗೆ ಅವು ಕಾಣುವುದಿಲ್ಲ. 1, 6, 11ರಲ್ಲಿ ಒಂದನ್ನು ಕೊಡಿ.
- ಜಾಹೀರಾತು ತಡೆಯುವ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಹಾಕಿದ್ದೀರಾ? ಅದರ ಪಟ್ಟಿ ಸಿಂಕ್‌ಗೆ ಬೇಕಾದ ವಿಳಾಸವನ್ನೂ ತಡೆಯುತ್ತಿರಬಹುದು. ಹತ್ತು ನಿಮಿಷ ನಿಲ್ಲಿಸಿ ನೋಡಿ. ಫೋನ್ ಮೊಬೈಲ್ ಡೇಟಾಗೆ ಜಾರಿ ಪಾರಾಗಿಬಿಡುವುದರಿಂದ ಈ ಕಾರಣ ಬೇಗ ಹೊಳೆಯುವುದಿಲ್ಲ.

ಹೋಟೆಲ್, ಹಾಸ್ಟೆಲ್, ವಿಮಾನ ನಿಲ್ದಾಣಗಳಲ್ಲಿ ವೈ-ಫೈಗೆ ಸೇರಿದ ಮೇಲೆ ಬ್ರೌಸರ್‌ನಲ್ಲಿ ಲಾಗಿನ್ ಪುಟ ಬರುತ್ತದೆ. ಇ-ರೀಡರ್‌ನಲ್ಲಿ ಅದು ಸರಿಯಾಗಿ ತೆರೆಯದೆ ‘ಸೇರಿದೆ, ಆದರೆ ಇಂಟರ್‌ನೆಟ್ ಇಲ್ಲ’ ಎಂಬ ಸ್ಥಿತಿಯಲ್ಲಿ ನಿಲ್ಲುತ್ತದೆ. ಅಲ್ಲಿ ಜಗ್ಗಾಡದೆ ಹಾಟ್‌ಸ್ಪಾಟ್ ಬಳಸಿ. ಪುಟದ ಮಾಹಿತಿ ಕಳಿಸಲು ಖರ್ಚಾಗುವ ಡೇಟಾ ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಫೋನ್ ತರಿಸಿಕೊಳ್ಳುತ್ತಿಲ್ಲ

ಆ್ಯಪ್ ತೆರೆದ ಕೂಡಲೇ ಪುಸ್ತಕ ಒತ್ತಿ ಪುಟ ತಿರುವತೊಡಗಿದರೆ, ಸರ್ವರ್‌ನಿಂದ ಸುದ್ದಿ ಬರುವಷ್ಟರಲ್ಲಿ ನೀವು ಹಳೆಯ ಜಾಗದಿಂದಲೇ ಓದಲು ಶುರುಮಾಡಿರುತ್ತೀರಿ. ಮೊದಲು ಲೈಬ್ರರಿ ಪರದೆಯನ್ನು ಕೆಳಕ್ಕೆ ಎಳೆದು ರಿಫ್ರೆಶ್ ಮಾಡಿ, ಆಮೇಲೆ ಪುಸ್ತಕ ತೆರೆಯಿರಿ. ‘ಇನ್ನೊಂದು ಸಾಧನದಲ್ಲಿ ಮುಂದಿನ ಪುಟದವರೆಗೆ ಓದಿದ್ದೀರಿ, ಅಲ್ಲಿಗೆ ಹೋಗಬೇಕೇ?’ ಎಂಬರ್ಥದ ಪ್ರಶ್ನೆ ಬಂದಾಗ ರೂಢಿಯಿಂದ ‘ನೋ’ ಒತ್ತುವವರು ಕಡಿಮೆಯೇನಿಲ್ಲ. ಒತ್ತಿಬಿಟ್ಟಿದ್ದರೂ ಚಿಂತೆಯಿಲ್ಲ, ಪುಸ್ತಕದೊಳಗಿನ ಮೆನುವಿನಲ್ಲಿ ಸಿಂಕ್ ಮಾಡುವ ಆಯ್ಕೆ ಇದೆ.

ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೂ ವಿಸ್ಪರ್‌ಸಿಂಕ್ ಸ್ವಿಚ್ ಇರುತ್ತದೆ, ಅದನ್ನು ಪರಿಶೀಲಿಸಿ. ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಬ್ಯಾಕ್‌ಗ್ರೌಂಡ್ ಡೇಟಾಗೆ ಅನುಮತಿ ಕೊಡಿ. ಐಫೋನ್‌ನಲ್ಲಿ ಜನರಲ್ ಒಳಗಿನ ‘ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್’ ನೋಡಿ. ಲೋ ಪವರ್ ಮೋಡ್ ಇದ್ದಾಗ ಅದು ನಿಂತಿರುತ್ತದೆ. ಇವು ಸಹಾಯಕ್ಕೆ ಬರುವುದು ನಿಜ, ಆದರೆ ಇವುಗಳ ಮೇಲೆಯೇ ಎಲ್ಲ ಭಾರ ಹಾಕಬೇಡಿ. ಆ್ಯಪ್ ತೆರೆದಾಗ ಅದು ಹೇಗೂ ಸಿಂಕ್ ಆಗಬೇಕು. ಆಗ ಕೂಡ ಆಗದಿದ್ದರೆ ಕಾರಣ ಬೇರೆ ಇದೆ.

ಆಗ ಆ್ಯಪ್ ಅಪ್‌ಡೇಟ್ ಮಾಡಿ, ‘ಕ್ಲಿಯರ್ ಕ್ಯಾಶ್’ ಒತ್ತಿ. ಅದರ ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಬೇರೆ ಸಂಗತಿ: ಇಳಿಸಿಕೊಂಡ ಪುಸ್ತಕಗಳು, ಲಾಗಿನ್, ಇನ್ನೂ ಸರ್ವರ್ ತಲುಪದ ಟಿಪ್ಪಣಿಗಳು ಎಲ್ಲವೂ ಅದರೊಂದಿಗೆ ಹೋಗುತ್ತವೆ.

ಪುಸ್ತಕ ಕೊನೆಯ ಪುಟಕ್ಕೇ ಹಾರುತ್ತಿದೆ

ಕಿಂಡಲ್ ‘ಅತಿ ಮುಂದೆ ಓದಿದ ಪುಟ’ವನ್ನು ನೆನಪಿಟ್ಟುಕೊಳ್ಳುತ್ತದೆ. ಕೊನೆಯ ಟಿಪ್ಪಣಿ ಅಥವಾ ಪದಸೂಚಿ ನೋಡಲು ಒಮ್ಮೆ ಹಾರಿದರೂ ಅದೇ ಅತಿ ಮುಂದಿನ ಪುಟ ಎಂದು ದಾಖಲಾಗಬಹುದು. ಪುಸ್ತಕವನ್ನು ಎರಡನೇ ಸಲ ಓದುವವರಿಗೂ ಇದೇ ಕಾಟ.

ಬಿಡಿಸಲು ಖಾತೆಯ ವೆಬ್ ಪುಟದಲ್ಲಿ ಆ ಪುಸ್ತಕದ ಹೆಚ್ಚಿನ ಆಯ್ಕೆಗಳಿಗೆ ಹೋಗಿ ‘ಕ್ಲಿಯರ್ ಫರ್ದೆಸ್ಟ್ ಪೇಜ್ ರೀಡ್’ ಒತ್ತಿ. ಆದರೆ ಅದಕ್ಕೂ ಮೊದಲು ಎಲ್ಲ ಸಾಧನಗಳಲ್ಲೂ ಪುಸ್ತಕವನ್ನು ಸರಿಯಾದ ಪುಟಕ್ಕೆ ತಂದು ಸಿಂಕ್ ಮಾಡಿಡಿ. ಎಲ್ಲೋ ಮರೆತ ಹಳೆಯ ಟ್ಯಾಬ್ಲೆಟ್‌ನಲ್ಲಿ ಪುಸ್ತಕ ಕೊನೆಯ ಪುಟದಲ್ಲೇ ತೆರೆದಿದ್ದರೆ ಅದು ಮತ್ತೆ ಅದೇ ಪುಟವನ್ನು ಸರ್ವರ್‌ಗೆ ಕಳಿಸಿಬಿಡುತ್ತದೆ. ಒಂದೇ ಖಾತೆಯಲ್ಲಿ ಇಬ್ಬರು ಒಂದೇ ಪುಸ್ತಕ ಓದುತ್ತಿದ್ದರೆ ಇದಕ್ಕೆ ಒಳ್ಳೆಯ ಪರಿಹಾರವಿಲ್ಲ. ಒಬ್ಬರು ತಮ್ಮ ಸಾಧನದಲ್ಲಿ ವಿಸ್ಪರ್‌ಸಿಂಕ್ ಆಫ್ ಮಾಡಿಕೊಳ್ಳಬೇಕು.

ಕೋಬೊ, ಕೋರೀಡರ್

ಕೋಬೊದಲ್ಲೂ ಅಂಗಡಿಯ ಪುಸ್ತಕಗಳ ಪುಟ ಮಾತ್ರ ಆ್ಯಪ್‌ಗೆ ಹೋಗುತ್ತದೆ. ಕೇಬಲ್‌ನಲ್ಲಿ ಹಾಕಿದ ಇಪಬ್‌ಗೆ ಆ ಭಾಗ್ಯವಿಲ್ಲ. ಕೊಂಡ ಪುಸ್ತಕ ಪಟ್ಟಿಯಲ್ಲೇ ಕಾಣದಿದ್ದರೆ ಸೆಟ್ಟಿಂಗ್ಸ್ → ಡಿವೈಸ್ ಇನ್ಫರ್ಮೇಶನ್ ಒಳಗೆ ‘ರಿಪೇರ್ ಯುವರ್ ಕೋಬೊ ಅಕೌಂಟ್’ ಇದೆ. ಸೈನ್ ಔಟ್ ಮಾಡುವ ಮೊದಲು ಇದನ್ನೇ ಪ್ರಯತ್ನಿಸಿ.

ಸ್ವಂತ ಫೈಲ್‌ಗಳನ್ನೇ ಹೆಚ್ಚು ಓದುವವರಿಗೆ, ಆಂಡ್ರಾಯ್ಡ್ ಫೋನ್ ಇದ್ದರೆ, ಕೋರೀಡರ್ ವಾಸಿ. ಎರಡೂ ಕಡೆ ಅದನ್ನು ಹಾಕಿ ‘ಪ್ರೋಗ್ರೆಸ್ ಸಿಂಕ್’ನಲ್ಲಿ ಒಂದೇ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು. ಆದರೆ ಅದರಲ್ಲಿ ಎಡವುವ ಜಾಗ ಒಂದಿದೆ. ‘ಡಾಕ್ಯುಮೆಂಟ್ ಮ್ಯಾಚಿಂಗ್ ಮೆಥಡ್’ ‘ಬೈನರಿ’ ಆಗಿದ್ದರೆ ಅದು ಫೈಲಿನೊಳಗಿನ ತುಣುಕುಗಳಿಂದ ಒಂದು ಗುರುತು ಲೆಕ್ಕಹಾಕಿ ಎರಡೂ ಕಡೆ ಹೋಲಿಸುತ್ತದೆ. ಕ್ಯಾಲಿಬರ್ ಪುಸ್ತಕ ಕಳಿಸುವಾಗ ಲೇಖಕರ ಹೆಸರು, ರಕ್ಷಾಪುಟ ಮುಂತಾದವನ್ನು ಫೈಲಿನೊಳಗೆ ತಿದ್ದಿ ಬರೆಯುತ್ತದೆ. ಹೀಗೆ ಕಳಿಸಿದ ಪ್ರತಿಗೂ ಫೋನಿಗೆ ನೇರ ಇಳಿಸಿಕೊಂಡ ಪ್ರತಿಗೂ ಗುರುತು ಹೊಂದುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಸುಮ್ಮನೆ ಸಿಂಕ್ ಆಗುವುದಿಲ್ಲ. ಇ-ರೀಡರ್‌ನಲ್ಲಿರುವ ಫೈಲನ್ನೇ ಫೋನಿಗೆ ನಕಲು ಮಾಡಿ, ಇಲ್ಲವಾದರೆ ಎರಡೂ ಕಡೆ ವಿಧಾನವನ್ನು ‘ಫೈಲ್‌ನೇಮ್’ಗೆ ಬದಲಿಸಿ ಹೆಸರನ್ನು ಅಕ್ಷರಶಃ ಒಂದೇ ಇಡಿ. ಹಳೆಯ ಪುಟಕ್ಕೆ ಮರಳುವ ಆಯ್ಕೆಯನ್ನು ‘ಪ್ರಾಂಪ್ಟ್’ನಲ್ಲಿ ಇಡುವುದು ಕ್ಷೇಮ, ‘ಸೈಲೆಂಟ್‌ಲಿ’ ಎಂದಿದ್ದರೆ ಕೇಳದೆಯೇ ಹಿಂದಕ್ಕೆ ಎಳೆದುಬಿಡುತ್ತದೆ.

ಖಾತೆ ತೆಗೆದು ಮತ್ತೆ ಸೇರಿಸುವುದು

ಏನೂ ಫಲಿಸದಿದ್ದಾಗ ಕಿಂಡಲ್‌ನಲ್ಲಿ ಡಿರಿಜಿಸ್ಟರ್ ಮಾಡಿ (ಸಾಧನವನ್ನು ಖಾತೆಯಿಂದ ಬಿಡಿಸಿ) ಮತ್ತೆ ರಿಜಿಸ್ಟರ್ ಮಾಡುವುದು ಉಳಿದ ದಾರಿ. ಮೊದಲು ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿರುವ ‘ಮೈ ಕ್ಲಿಪಿಂಗ್ಸ್’ ಎಂಬ ಪಠ್ಯ ಫೈಲನ್ನು ನಕಲು ಮಾಡಿಟ್ಟುಕೊಳ್ಳಿ. ಸಾಧನದಲ್ಲಿ ಹಾಕಿದ ಹೈಲೈಟ್‌ಗಳು, ಟಿಪ್ಪಣಿಗಳು ಸರ್ವರ್ ತಲುಪದಿದ್ದರೂ ಅದರಲ್ಲಿ ಇರುತ್ತವೆ. ಕೇಬಲ್‌ನಲ್ಲಿ ಹಾಕಿದ್ದ ಪುಸ್ತಕಗಳನ್ನೂ ಜೊತೆಗೇ ತೆಗೆದಿಟ್ಟುಕೊಳ್ಳಿ, ಅವು ಖಾತೆಯಿಂದ ಮರಳಿ ಬರುವುದಿಲ್ಲ. ಆಮೇಲೆ ಡಿರಿಜಿಸ್ಟರ್ ಮಾಡಿ, ರೀಸ್ಟಾರ್ಟ್ ಮಾಡಿ, ಅದೇ ಖಾತೆಯಲ್ಲಿ ಲಾಗಿನ್ ಆಗಿ. ಪುಸ್ತಕಗಳನ್ನೆಲ್ಲ ಒಟ್ಟಿಗೆ ಇಳಿಸಲು ಹೊರಡಬೇಡಿ. ಒಂದನ್ನು ಮಾತ್ರ ಇಳಿಸಿ, ಮೇಲಿನ ಹೈಲೈಟ್ ಪರೀಕ್ಷೆ ಮಾಡಿ. ಅದು ನೋಟ್‌ಬುಕ್ ಪುಟದಲ್ಲಿ ಕಂಡ ಮೇಲೆ ಉಳಿದವನ್ನು ಇಳಿಸಿಕೊಳ್ಳಿ.