ಕುಷ್ಠರೋಗಕ್ಕೆ ಮಾತ್ರೆ ನಡೆಯುವಾಗ ನರ, ಕಣ್ಣು, ಪಾದ ಕಾಯುವುದು ಹೇಗೆ?

ಎಂಡಿಟಿ (ಕುಷ್ಠಕ್ಕೆ ಹಲವು ಔಷಧ ಸೇರಿಸಿ ಕೊಡುವ ಮಾತ್ರೆಗಳ ಚಿಕಿತ್ಸೆ) ಶುರುವಾದ ಕೆಲವೇ ದಿನಗಳಲ್ಲಿ ರೋಗಾಣುಗಳಲ್ಲಿ ಬಹುಪಾಲು ಸಾಯುತ್ತವೆ, ಇನ್ನೊಬ್ಬರಿಗೆ ಅಂಟುವ ಭಯವೂ ಹೋಗುತ್ತದೆ. ಆದರೆ ಬೆರಳು ಮಡಚಿಕೊಳ್ಳುವುದು, ಪಾದ ಜೋತುಬೀಳುವುದು, ಕಣ್ಣು ಮುಚ್ಚದಿರುವುದು ಆಮೇಲೂ ಆಗಬಹುದು. ಸತ್ತ ರೋಗಾಣುವಿನ ಚೂರುಗಳ ಮೇಲೆ ಮೈ ತಿರುಗಿಬಿದ್ದಾಗ ನಡುವೆ ಸಿಕ್ಕಿ ನಲುಗುವುದು ನರ. ಇದಕ್ಕೆ ಆಸ್ಪತ್ರೆಯಲ್ಲಿ ರಿಯಾಕ್ಷನ್ ಎನ್ನುತ್ತಾರೆ. ಎಷ್ಟೋ ಸಲ ನರ ನೋವೇ ಇಲ್ಲದೆ ಸೋಲುತ್ತದೆ. ಹಾಗಾಗಿ 'ಏನಾದರೂ ತೊಂದರೆ ಇದೆಯಾ?' ಎಂದು ಕೇಳಿ 'ಇಲ್ಲ' ಎಂದು ಬರೆದುಕೊಳ್ಳುವುದು ತಪಾಸಣೆಯಲ್ಲ. ಮುಟ್ಟಿ, ತಳ್ಳಿ ನೋಡಿ, ಹೋದ ತಿಂಗಳ ಚೀಟಿಯೊಂದಿಗೆ ಹೋಲಿಸಬೇಕು.

ಎಂಡಿಟಿಯ ಮೊದಲ ಪ್ಯಾಕ್ (28 ದಿನದ ಮಾತ್ರೆ) ಕೊಡುವ ದಿನವೇ ಕಣ್ಣು, ಕೈ, ಕಾಲಿನ ಸ್ಥಿತಿಯನ್ನು ರೋಗಿಯ ಕಾರ್ಡಿನಲ್ಲಿ ಬರೆಯಿರಿ. ಆ ದಿನದ ದಾಖಲೆ ಇಲ್ಲದಿದ್ದರೆ ಮುಂದೆ ಕಂಡ ದೌರ್ಬಲ್ಯ ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ. ಆರು ತಿಂಗಳೊಳಗೆ ಆದ ನರದೌರ್ಬಲ್ಯ ಸ್ಟೀರಾಯ್ಡಿಗೆ (ಉರಿಯೂತ ಇಳಿಸುವ ಔಷಧಕ್ಕೆ) ಸ್ಪಂದಿಸುವ ಸಾಧ್ಯತೆ ಇದೆ, ಅದಕ್ಕಿಂತ ಹಳೆಯದು ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ. ಇಡೀ ಚಿಕಿತ್ಸೆ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಪ್ರತಿ ತಿಂಗಳು, ಹತ್ತು ನಿಮಿಷ

28 ದಿನಕ್ಕೊಮ್ಮೆ ಪ್ಯಾಕ್ ತೆಗೆದುಕೊಳ್ಳಲು ಬಂದಾಗಲೇ ತಪಾಸಣೆ ಮಾಡಿ. ಮೊದಲು ನರ ಮುಟ್ಟಿ ನೋಡಿ: ಮೊಣಕೈ ಒಳಬದಿಯ ಮೂಳೆಯ ಹಿಂದೆ, ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗೆ, ಕಾಲಿನ ಗಿಣ್ಣಿನ ಒಳಬದಿಯ ಹಿಂದೆ. ಬೆರಳ ತುದಿಯಿಂದಲ್ಲ, ಬೆರಳ ಮೆತ್ತೆಯಿಂದ ಹಗುರವಾಗಿ ಉರುಳಿಸಿ. ನಿಮ್ಮ ಕಣ್ಣು ರೋಗಿಯ ಮುಖದ ಮೇಲಿರಲಿ. ಬಾಯಲ್ಲಿ 'ನೋವಿಲ್ಲ' ಎಂದರೂ ಹುಬ್ಬು ಗಂಟಿಕ್ಕುತ್ತದೆ.

ಆಮೇಲೆ ಸ್ನಾಯುಬಲ. ಅಂಗೈ ಮೇಲೆ ಮಾಡಿಸಿ ಕಿರುಬೆರಳನ್ನು ಹೊರಕ್ಕೆ ಚಾಚಿಸಿ, ನೀವು ಅದರ ಬುಡದಲ್ಲಿ ಒಳಕ್ಕೆ ತಳ್ಳಿ. ಇದು ಮೊಣಕೈ ನರದ ಪರೀಕ್ಷೆ. ಹೆಬ್ಬೆರಳನ್ನು ಅಂಗೈಯಿಂದ ನೇರ ಮೇಲಕ್ಕೆ ಎತ್ತಿಸಿ ಬುಡದಲ್ಲಿ ಒತ್ತಿ. ಮುಷ್ಟಿ ಕಟ್ಟಿ ಮಣಿಕಟ್ಟನ್ನು ಮೇಲೆತ್ತಲು ಹೇಳಿ ಕೆಳಕ್ಕೆ ಒತ್ತಿ. ಪಾದವನ್ನು ಮೇಲಕ್ಕೆ ಎತ್ತಿಸಿ ಕೆಳಕ್ಕೆ ತಳ್ಳಿ. ತಡೆದು ನಿಂತರೆ 'ಬಲ', ಅಲುಗಿದರೂ ಸೋತರೆ 'ದುರ್ಬಲ', ಅಲುಗದಿದ್ದರೆ 'ನಿಷ್ಕ್ರಿಯ'. ಎರಡೂ ಕೈ, ಎರಡೂ ಕಾಲು ಬೇರೆ ಬೇರೆ ಬರೆಯಿರಿ.

ಸ್ಪರ್ಶಕ್ಕೆ ಬಾಲ್‌ಪಾಯಿಂಟ್ ಪೆನ್ ಸಾಕು. ಮೊದಲು ಕಣ್ಣು ತೆರೆದಿರುವಾಗಲೇ ತೋರಿಸಿ ಅಭ್ಯಾಸ ಮಾಡಿಸಿ, ಆಮೇಲೆ ಕಣ್ಣು ಮುಚ್ಚಿಸಿ. ಅಂಗೈಯಲ್ಲಿ 4 ಜಾಗ, ಅಂಗಾಲಲ್ಲಿ 4 ಜಾಗ. ಚರ್ಮ ಚೂರು ಕುಸಿಯುವಷ್ಟು ಮಾತ್ರ ಒತ್ತಿ, ಗೀಚಬೇಡಿ. ಮುಟ್ಟಿದ್ದು ಎಲ್ಲಿ ಎಂದು ಬೆರಳಲ್ಲಿ ತೋರಿಸಲಿ. ಒಂದೇ ಲಯದಲ್ಲಿ ಮುಟ್ಟಿದರೆ ಊಹಿಸಿ ಹೇಳುತ್ತಾರೆ, ಅಂತರ ಬದಲಿಸಿ. ದಡ್ಡುಗಟ್ಟಿದ ಹಿಮ್ಮಡಿಯಲ್ಲಿ ಸ್ಪರ್ಶ ತಿಳಿಯದಿದ್ದರೆ ನರದ ತಪ್ಪೇ ಎನ್ನಲಾಗದು, ಪಕ್ಕದ ಮೆತ್ತನೆ ಜಾಗ ಆರಿಸಿ. ಸ್ಪರ್ಶ ಅಳೆಯುವ ನೈಲಾನ್ ತಂತುಗಳಿದ್ದರೆ ಕೈಗೆ 2 ಗ್ರಾಂ ಒತ್ತಡದ್ದು, ಕಾಲಿಗೆ 10 ಗ್ರಾಂ ಒತ್ತಡದ್ದು.

ಸ್ನಾಯುಬಲ ಒಂದು ಮೆಟ್ಟಿಲು ಇಳಿದರೆ, ಎರಡು ಜಾಗದಲ್ಲಿ ಹೊಸದಾಗಿ ಸ್ಪರ್ಶ ಹೋದರೆ, ಅಥವಾ ನರ ಮುಟ್ಟಿದರೆ ನೋವಾದರೆ ಅಂದೇ ವೈದ್ಯರಿಗೆ ಕಳಿಸಿ. ಮುಂದಿನ ಪ್ಯಾಕ್‌ವರೆಗೆ ಕಾಯುವುದು ದುಬಾರಿ ತಪ್ಪು. ಬೆಂಗಳೂರು ನಗರದಲ್ಲಿ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಿವೆ, ಮಾಗಡಿ ರಸ್ತೆಯ ಕಡೆ ಸುಮನಹಳ್ಳಿಯ ಕುಷ್ಠ ಪುನರ್ವಸತಿ ಕೇಂದ್ರವಿದೆ. ನಮ್ಮ ಕ್ಲಿನಿಕ್‌ನಿಂದ ಚೀಟಿ ಬರೆಯುವಾಗ 'ಕುಷ್ಠ' ಎಂದಷ್ಟೇ ಬರೆದರೆ ಸಾಲದು, 'ಹೊಸ ನರದೌರ್ಬಲ್ಯ, ಇಂತಹ ದಿನದಿಂದ' ಎಂದು ಬರೆಯಿರಿ.

ರಿಯಾಕ್ಷನ್ ಗುರುತಿಸುವುದು

ಇದ್ದ ಮಚ್ಚೆಗಳೇ ದಿಢೀರನೆ ಕೆಂಪಾಗಿ ಉಬ್ಬಿ ಬಿಸಿಯಾದರೆ, ಕೈಕಾಲು ಊದಿಕೊಂಡರೆ ಟೈಪ್ 1. ಮಚ್ಚೆ ಇಲ್ಲದ ಕಡೆಯೂ ಕೆಂಪು, ನೋವಿನ ಗಂಟುಗಳು ಎದ್ದು ಜ್ವರ, ಕೀಲುನೋವು, ಕಣ್ಣು ಕೆಂಪು, ವೃಷಣದ ನೋವು ಬಂದರೆ ಟೈಪ್ 2. ರೋಗಾಣು ಹೆಚ್ಚಿರುವವರಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಜನ ಇದನ್ನು 'ಮಾತ್ರೆ ಹೊಂದಲಿಲ್ಲ' ಎಂದುಕೊಂಡು ಪ್ಯಾಕ್ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ರಿಯಾಕ್ಷನ್‌ಗೆ ಬೇರೆ ಔಷಧ, ಎಂಡಿಟಿ ತನ್ನ ಪಾಡಿಗೆ ನಡೆಯಲಿ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಟೈಪ್ 1 ಹೆಚ್ಚು, ಬಾಣಂತಿಯನ್ನು ಮನೆಗೇ ಹೋಗಿ ನೋಡಿ.

ರಿಯಾಕ್ಷನ್‌ಗೆ ವೈದ್ಯರು ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ವಯಸ್ಕರಿಗೆ ರೂಢಿಯಲ್ಲಿರುವ ಒಂದು ಕ್ರಮ ದಿನಕ್ಕೆ 40 ಮಿ.ಗ್ರಾಂ.ನಿಂದ ಆರಂಭ, ಎರಡೆರಡು ವಾರಕ್ಕೆ 30, 20, 15, 10, 5 ಎಂದು ಇಳಿಸಿ 12 ವಾರಕ್ಕೆ ಮುಗಿಸುವುದು. ನರ ಹಿಡಿದಿದ್ದರೆ ಇನ್ನೂ ಉದ್ದ. ಬೆಳಗಿನ ತಿಂಡಿಯಾದ ಮೇಲೆ ಒಂದೇ ಸಲ ನುಂಗಲಿ. ಶುರು ಮಾಡುವ ಮುನ್ನ ಸಕ್ಕರೆ, ಬಿಪಿ, ತೂಕ ಬರೆಯಿರಿ, ಎರಡು ವಾರಕ್ಕೂ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಬಳಿಕ ಎರಡು ವಾರಕ್ಕೊಮ್ಮೆ ಸ್ನಾಯುಬಲ, ಸ್ಪರ್ಶ, ಸಕ್ಕರೆ ನೋಡಿ. ಮೂರೇ ದಿನದಲ್ಲಿ ನೋವು ಇಳಿದು ಹಾಯಾಗಿ ಅನಿಸುತ್ತದೆ, ಆಗಲೇ ಮಾತ್ರೆ ಬಿಡುವ ಅಪಾಯ. ಹಠಾತ್ತನೆ ಬಿಟ್ಟರೆ ರಿಯಾಕ್ಷನ್ ಮರಳುತ್ತದೆ, ಮೈಗೂ ಆಘಾತ. ಟೈಪ್ 2ಕ್ಕೆ ಥ್ಯಾಲಿಡೊಮೈಡ್ ಬರೆದಿದ್ದರೆ ಅದು ಆಸ್ಪತ್ರೆಯ ಕಟ್ಟುನಿಟ್ಟಿನ ನಿಗಾದಲ್ಲಿ ಮಾತ್ರ. ಗರ್ಭಿಣಿಯ ಕೈಗೆ ಎಂದೂ ಸಿಗಬಾರದು.

ಮಾತ್ರೆಯಿಂದಲೇ ಆಗುವ ತೊಂದರೆ

ಎಂಡಿಟಿಯಲ್ಲಿರುವ ಔಷಧಗಳು ರಿಫಾಂಪಿಸಿನ್, ಕ್ಲೊಫಾಜಿಮಿನ್, ಡ್ಯಾಪ್ಸೋನ್. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ಕ್ಲೊಫಾಜಿಮಿನ್ ಮೈಯನ್ನು ಕಪ್ಪಗೆ, ಒಣಕಲಾಗಿ ಮಾಡುತ್ತದೆ. ಇವನ್ನು ಮೊದಲೇ ಹೇಳಿಬಿಡಿ. ಕಪ್ಪು ಬಣ್ಣ ಮಾತ್ರೆ ಮುಗಿದು ಕೆಲವು ತಿಂಗಳಲ್ಲಿ ಮಾಯುತ್ತದೆ. ಭಯಪಡಬೇಕಾದ್ದು ಡ್ಯಾಪ್ಸೋನ್ ವಿಷಯದಲ್ಲಿ. ಮೊದಲ ಆರು ವಾರಗಳಲ್ಲಿ ಜ್ವರ, ಮೈತುಂಬ ತುರಿಕೆ ಗುಳ್ಳೆ, ಕಣ್ಣು ಹಳದಿ, ಕುತ್ತಿಗೆಯ ಗಡ್ಡೆ ಕಾಣಿಸಿದರೆ ಡ್ಯಾಪ್ಸೋನ್ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಕಳಿಸಿ, ಜೀವಕ್ಕೇ ಕುತ್ತು. ರಕ್ತಹೀನತೆ ನಿಧಾನವಾಗಿ ಬರುತ್ತದೆ: ಮೊದಲು ಹಿಮೋಗ್ಲೋಬಿನ್ ನೋಡಿ, ಏದುಸಿರು, ಬಿಳಚಿದ ಕಣ್ಣುರೆಪ್ಪೆ ಕಂಡರೆ ಮತ್ತೆ ನೋಡಿ. ಹೊಟ್ಟೆ ಹಿಡಿದುಕೊಂಡು ನೋವು, ಮಲಬದ್ಧತೆ ಇದ್ದರೆ ಕ್ಲೊಫಾಜಿಮಿನ್ ಮೇಲೆ ಅನುಮಾನವಿರಲಿ.

ಕಣ್ಣು ಮತ್ತು ಪಾದ

ನಿದ್ದೆಯಲ್ಲಿ ಮುಚ್ಚುವಂತೆ ಹಗುರವಾಗಿ ಕಣ್ಣು ಮುಚ್ಚಲು ಹೇಳಿ, ಟಾರ್ಚ್ ಹಾಕಿ ರೆಪ್ಪೆಗಳ ನಡುವೆ ಉಳಿದ ಬಿರುಕನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಕಣ್ಣು ಕೆಂಪಾಗಿ ನೋವು, ಬೆಳಕಿಗೆ ಅಸಹನೆ ಇದ್ದರೆ ಅದೇ ದಿನ ಕಣ್ಣಿನ ವೈದ್ಯರು. ಮುಚ್ಚದ ಕಣ್ಣಿಗೆ ರಾತ್ರಿ ಮುಲಾಮು, ಹಗಲು ಕನ್ನಡಕ. ಈ ಊರಿನ ರಸ್ತೆ ಧೂಳಿಗೆ ಅದಿಲ್ಲದೆ ಆಗದು.

ಜೋಮು ಹಿಡಿದ ಪಾದ, ಅಂಗೈಗಳಿಗೆ ದಿನಾ 20 ನಿಮಿಷ ತಣ್ಣೀರಿನಲ್ಲಿ ನೆನೆಸುವುದು, ದಡ್ಡನ್ನು ಕಲ್ಲಿನಿಂದ ಉಜ್ಜುವುದು, ನೀರು ಒರೆಸದೆಯೇ ಕೊಬ್ಬರಿ ಎಣ್ಣೆ ಸವರುವುದು. ನೀರು ಬಿಸಿಯಿರಬಾರದು, ಸುಟ್ಟರೂ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ಸ್ಟೀಲ್ ಲೋಟದ ಬಿಸಿ ಕಾಫಿ, ಬೈಕಿನ ಸೈಲೆನ್ಸರ್, ಒಲೆಯ ಪಾತ್ರೆ ಇವುಗಳ ಬಗ್ಗೆ ಹೇಳಿ. ಸಿಮೆಂಟಿನಲ್ಲಿ ಬರಿಗಾಲಲ್ಲಿ ನಿಲ್ಲುವ ಗಾರೆ ಕೆಲಸದವರಿಗೆ ಮೆತ್ತನೆಯ ಮೈಕ್ರೊಸೆಲ್ಯುಲಾರ್ ರಬ್ಬರಿನ ಹಿಂಬದಿ ಪಟ್ಟಿಯ ಚಪ್ಪಲಿ ಬೇಕು. ಪ್ರತಿ ರಾತ್ರಿ ಅಂಗಾಲು ನೋಡಲಿ, ತಾವೇ ನೋಡಲಾಗದಿದ್ದರೆ ಕನ್ನಡಿ. ಮುಟ್ಟಿದರೆ ಬಿಸಿ ಇರುವ ಜಾಗವೇ ನಾಳೆಯ ಹುಣ್ಣು, ಅಂದಿನಿಂದಲೇ ನಡಿಗೆ ಕಡಿಮೆ ಮಾಡಬೇಕು.

ರಾಯಚೂರು, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರು ಯುಗಾದಿಗೆ ಊರಿಗೆ ಹೋಗಿ ತಡವಾಗುವುದು ಸಾಮಾನ್ಯ. ಹೋಗುವ ಮುನ್ನ ಹೆಚ್ಚಿನ ಪ್ಯಾಕ್ ಕೊಡಿಸಿ. ಹೆಚ್ಚು ರೋಗಾಣು ಇರುವ ಎಂಬಿಗೆ 12 ಪ್ಯಾಕ್ 18 ತಿಂಗಳೊಳಗೆ, ಕಡಿಮೆ ಇರುವ ಪಿಬಿಗೆ 6 ಪ್ಯಾಕ್ 9 ತಿಂಗಳೊಳಗೆ ಮುಗಿಯಬೇಕು.

ಕೊನೆಯ ಪ್ಯಾಕ್ ಮುಗಿದ ಮೇಲೂ ರಿಯಾಕ್ಷನ್ ವರ್ಷಗಟ್ಟಲೆ ಬರಬಹುದು. ದಿನಗಳಲ್ಲಿ ದಿಢೀರ್ ಉಬ್ಬಿ ಸ್ಟೀರಾಯ್ಡಿಗೆ ಇಳಿದರೆ ರಿಯಾಕ್ಷನ್. ವರ್ಷಗಳ ನಂತರ ನೋವಿಲ್ಲದೆ ಹೊಸ ಮಚ್ಚೆ ನಿಧಾನವಾಗಿ ಮೂಡಿದರೆ ಮರುಕಳಿಕೆಯ ಅನುಮಾನ, ಚರ್ಮದ ಪರೀಕ್ಷೆಗೆ ಕಳಿಸಿ. ಕಾರ್ಡ್ ಮುಚ್ಚುವ ದಿನ 'ಜೋಮು, ನೋವು, ಹೊಸ ಗಂಟು ಕಂಡರೆ ಹಣೆಬರಹವೆಂದು ಕೂರದೆ ನೇರ ಬನ್ನಿ' ಎಂದು ಮನೆಯವರ ಎದುರಲ್ಲೇ ಹೇಳಿ, ಕ್ಲಿನಿಕ್‌ನ ಫೋನ್ ನಂಬರನ್ನು ಕಾರ್ಡಿನ ಹಿಂದೆ ಬರೆದುಕೊಡಿ.