ಸಿ ಲೇಖನ ವಾಪಸ್ ಬಂದಾಗ ಸರಿಮಾಡಿದ್ದು ಹೀಗೆ

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಡಿಪ್ಲೊಮಾ ಮಕ್ಕಳಿಗೆ ಸಿ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಅವರಿಗಾಗಿ ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಬಗ್ಗೆ ಕನ್ನಡದಲ್ಲೇ ಒಂದು ಲೇಖನ ಬರೆದು ಜಾಲತಾಣವೊಂದಕ್ಕೆ ಪ್ರಕಟಣೆಗೆ ಕಳಿಸಿದೆ. ‘ಕೋಡ್ ಕಂಪೈಲ್ ಆಗುತ್ತಿಲ್ಲ’, ಅಂದರೆ ಕಂಪ್ಯೂಟರ್ ಓಡಿಸುವ ರೂಪಕ್ಕೆ ಬದಲಾಗುತ್ತಿಲ್ಲ ಎಂದು ಪರಿಶೀಲಕರು ತಡೆಹಿಡಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕೋಡ್ ಚೆನ್ನಾಗಿಯೇ ಓಡುತ್ತಿತ್ತು. ತುಂಬಾ ಬೇಜಾರಾಯಿತು.

ಮುನ್ನೋಟ ತೆರೆದು ಸಾಲು ಸಾಲಾಗಿ ಹೋಲಿಸಿದೆ. ಇನ್‌ಕ್ಲೂಡ್ ಸಾಲಿನಲ್ಲಿ ಹೆಡರ್ ಫೈಲಿನ ಹೆಸರೇ ಮಾಯ! ಆ ಹೆಸರನ್ನು < ಮತ್ತು > ನಡುವೆ ಬರೆಯುತ್ತೇವೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ < ಚಿಹ್ನೆಯಾದ ತಕ್ಷಣ ಇಂಗ್ಲಿಷ್ ಅಕ್ಷರ ಬಂದರೆ ಬ್ರೌಸರ್ ಅದನ್ನು ಟ್ಯಾಗ್ (ಪುಟದ ರಚನೆ ಹೇಳುವ ಗುರುತು) ಎಂದುಕೊಳ್ಳುತ್ತದೆ. ಗೊತ್ತಿಲ್ಲದ ಟ್ಯಾಗ್ ತೆರೆಯ ಮೇಲೆ ಕಾಣುವುದಿಲ್ಲ. ಸುರಕ್ಷತೆಯ ಫಿಲ್ಟರ್ ಇದ್ದರೆ ಅದನ್ನು ಕಿತ್ತೇ ಹಾಕಬಹುದು.

ಹಾಗಾಗಿ < ಬದಲು ಆಂಪರ್‌ಸ್ಯಾಂಡ್, ಎಲ್, ಟಿ, ಸೆಮಿಕೋಲನ್ ಎಂದು ಬಿಡಿಸಿ ಟೈಪ್ ಮಾಡಬೇಕು. > ಚಿಹ್ನೆಗೆ ಎಲ್ ಜಾಗದಲ್ಲಿ ಜಿ. ಪಾಯಿಂಟರ್ ಪಾಠದಲ್ಲಿ & ಎಲ್ಲೆಲ್ಲೂ ಇರುತ್ತದೆ ಅಲ್ವಾ? ಅದನ್ನೇ ಮೊದಲು ಬದಲಿಸಬೇಕು: ಆಂಪರ್‌ಸ್ಯಾಂಡ್, ಎ, ಎಂ, ಪಿ, ಸೆಮಿಕೋಲನ್. ಕೊನೆಗೆ ಬದಲಿಸಲು ಹೋದರೆ ಆಗಲೇ ಸರಿಮಾಡಿದ್ದೂ ಕೆಡುತ್ತದೆ. ಈ ಕ್ರಮ ಬಹಳ ಮುಖ್ಯ.

ಇನ್ನೊಂದು ತೊಂದರೆ ವರ್ಡ್ ಪ್ರೊಸೆಸರ್‌ನದು. ಅದು ನೇರ ಉದ್ಧರಣ ಚಿಹ್ನೆಗಳನ್ನು ಬಾಗಿಸಿತ್ತು. ಸಿ ಕಂಪೈಲರ್ ಅವನ್ನು ಒಪ್ಪುವುದಿಲ್ಲ. ಕೋಡನ್ನು ಎಡಿಟರ್‌ನಿಂದ ನೇರವಾಗಿ ತಂದು ಹಾಕಿದೆ.

ಪರಿಶೀಲಕರಿಗೆ ಸುಮ್ನೆ ‘ಮತ್ತೆ ನೋಡಿ ಸರ್’ ಎಂದು ಬರೆಯಲಿಲ್ಲ. ಯಾವ ಸಾಲು ಹೇಗೆ ಕೆಟ್ಟಿತ್ತು, ಏನು ಬದಲಿಸಿದೆ, ಯಾವ ಕಂಪೈಲರ್, ಯಾವ ಔಟ್‌ಪುಟ್ ಎಲ್ಲವನ್ನೂ ತಿಳಿಸಿದೆ. ಅವರಿಗೆ ಪರೀಕ್ಷಿಸುವುದು ಸುಲಭವಾಯಿತು. ಲೇಖನ ಪ್ರಕಟವಾಯಿತು. ಈಗ ಕಳಿಸುವ ಮುಂಚೆ ಮುನ್ನೋಟದಿಂದಲೇ ಕೋಡ್ ಕಾಪಿ ಮಾಡಿ ಕಂಪೈಲ್ ಮಾಡುತ್ತೇನೆ.