ಯೆಜ್ಡಿ ಎಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟಿದ್ದು: ಗಾಳಿ ಸೋರಬಾರದು, ಅಷ್ಟೇ

ನನ್ನ ಹಳೆ ಯೆಜ್ಡಿ ಬೈಕಿನಲ್ಲಿ ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಹಾಗಾದರೆ ಎಣ್ಣೆ ಹೋಗುತ್ತಿದ್ದದ್ದು ಎಲ್ಲಿಗೆ? ಸೈಲೆನ್ಸರ್‌ಗೆ. ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲುತ್ತಿರಲಿಲ್ಲ, ಪ್ಲಗ್ ಬಿಚ್ಚಿದರೆ ಎಣ್ಣೆಯಲ್ಲಿ ಅದ್ದಿದ ಹಾಗೆ ಒದ್ದೆ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಬೋರ್ ಹೋಗಿದೆ, ಪಿಸ್ಟನ್ ಹಾಕಿಸಿ." ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ಅದೂ ಸವೆದಿತ್ತು, ಸುಳ್ಳಲ್ಲ. ಆದರೆ ಗೇರ್ ಆಯಿಲ್ ಕುಡಿಯುವ ಟೂ ಸ್ಟ್ರೋಕ್ ಎಂಜಿನ್‌ಗೆ ಬರೀ ಪಿಸ್ಟನ್ ಹಾಕಿದರೆ ಪ್ರಯೋಜನವಿಲ್ಲ. ಅದರ ಕಾಯಿಲೆ ಕೆಳಗೆ, ಕ್ರ್ಯಾಂಕ್ ಆಯಿಲ್ ಸೀಲ್‌ನಲ್ಲಿ ಇರುತ್ತದೆ. ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ ಗಾಳಿ, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳವು.

ಯಾಕೆ ಅಂದರೆ, ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂರುವ ಕೆಳಗಿನ ಗೂಡು) ಸುಮ್ನೆ ಒಂದು ಡಬ್ಬಿಯಲ್ಲ. ಪಿಸ್ಟನ್ ಮೇಲೆ ಹೋದಾಗ ಕೆಳಗೆ ನಿರ್ವಾತ ಆಗಿ ಕಾರ್ಬುರೇಟರ್‌ನಿಂದ ಪೆಟ್ರೋಲ್-ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ಮೂಲಕ ಮೇಲಕ್ಕೆ ನುಗ್ಗುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಎಳೆದುಕೊಳ್ಳುತ್ತದೆ. ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಎರಡನೆಯದೇ ಜಾಸ್ತಿ ಅಪಾಯ. ಗಾಳಿ ಜಾಸ್ತಿಯಾಗಿ ಪೆಟ್ರೋಲ್, ಅದರಲ್ಲಿ ಬೆರೆಸಿದ ಎಣ್ಣೆ ಎರಡೂ ಸಾಲದೆ ಬರುತ್ತದೆ. ಹೊಗೆ ಬರುವುದಿಲ್ಲ, ಗಾಡಿ ಚುರುಕಾಗಿದೆ ಅನ್ನಿಸುತ್ತದೆ, ಆಮೇಲೆ ಒಂದು ದಿನ ಹೈವೇಯಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಗಾಡಿಯ ಬಗ್ಗೆ ಎರಡು ಮಾತು. ಎಪ್ಪತ್ತರ ದಶಕದ ಕೊನೆಯ 250 ಸಿಸಿ ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೊದಲು ಜಾವಾ, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಅನ್ನುವ ಹೆಸರಲ್ಲಿ ಬಂದ ಗಾಡಿಗಳ ಪೈಕಿ ಒಂದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಅದೇ ಹೆಸರುಗಳಲ್ಲಿ ಬರುವ ಹೊಸ ಬೈಕ್‌ಗಳು ಫೋರ್ ಸ್ಟ್ರೋಕ್. ಎಂಜಿನ್‌ನ ಒಂದು ನಟ್ಟೂ ನಮಗೆ ಕೆಲಸಕ್ಕೆ ಬರುವುದಿಲ್ಲ. ನಮ್ಮದು 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಇದನ್ನು ನೋಡಿ "ಎರಡು ಸಿಲಿಂಡರಾ?" ಅಂತ ಕೇಳದವರು ಕಡಿಮೆ.

ಸಲಕರಣೆ ಅಂತ ದೊಡ್ಡದೇನೂ ಬೇಡ. ಒಳ್ಳೆ ರಿಂಗ್ ಸ್ಪ್ಯಾನರ್ ಸೆಟ್, ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್, ಟಾರ್ಕ್ ರೆಂಚ್, ಸಂದು ಅಳೆಯುವ ಫೀಲರ್ ಗೇಜ್, ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಒಂದು ಡಯಲ್ ಗೇಜ್. ಕ್ಲಚ್ ಹಿಡಿಯಲು ಹಳೆ ಕ್ಲಚ್ ಪ್ಲೇಟ್‌ಗೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿಕೊಂಡೆ. ಡೈನಮೋ ಆರ್ಮೇಚರ್ ಎಳೆಯುವ ಪುಲ್ಲರ್ ಬೋಲ್ಟ್ ಮೈಸೂರಿನ ಹಳೆ ಮೆಕ್ಯಾನಿಕ್ ಒಬ್ಬರು ಕೊಟ್ಟರು. ಮಿಕ್ಕಿದ್ದು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಸಿಕ್ಕಿತು. ಬಿಡಿ ಭಾಗಕ್ಕೆ ಜೆ.ಸಿ. ರಸ್ತೆ ಸುತ್ತಿದೆ. ಹಳೆ ಸ್ಟಾಕ್ ಸಿಕ್ಕರೆ ಅದೃಷ್ಟ, ಇಲ್ಲದಿದ್ದರೆ ನಕಲಿ ಮಾಲಿನಲ್ಲೇ ಒಳ್ಳೆಯದನ್ನು ಆರಿಸಬೇಕು. ಆಯಿಲ್ ಸೀಲ್ ಮಾತ್ರ ಹಳೆ ಸ್ಟಾಕ್ ತಗೋಬೇಡಿ. ಇಪ್ಪತ್ತು ಮೂವತ್ತು ವರ್ಷ ಗೂಡಿನಲ್ಲಿ ಕೂತ ರಬ್ಬರ್ ಪ್ಯಾಕೆಟ್ ಒಳಗೇ ಗಟ್ಟಿಯಾಗಿರುತ್ತದೆ. ಒರಿಜಿನಲ್ ಅನ್ನುವ ಮೋಹ ಅಲ್ಲಿ ಬೇಡ. ಅಳತೆ ನೋಡಿ ಇವತ್ತಿನ ಒಳ್ಳೆ ಸೀಲ್ ಹಾಕಿ.

ಬಿಚ್ಚುವುದು ಸುಲಭ. ಹೆಡ್, ಸಿಲಿಂಡರ್, ಪಿಸ್ಟನ್, ಆಮೇಲೆ ಎಡಗಡೆ ಕವರ್. ಈ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಇಳಿಸಿದರೆ ಗೇರ್. ಗೇರ್ ಹಾಕುವಾಗ ತಾನೇ ಕ್ಲಚ್ ಬಿಡಿಸುವ ಏರ್ಪಾಡು ಕೂಡ ಅಲ್ಲೇ ಇದೆ. ಹಾಗಾಗಿ ಈ ಕಡೆ ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋಟೋ ತೆಗೆದೆ. ಪ್ರೈಮರಿ ಚೈನ್‌ಗೆ ಲಾಕ್ ಇಲ್ಲ. ಕ್ರ್ಯಾಂಕ್ ಸ್ಪ್ರಾಕೆಟ್, ಚೈನ್, ಕ್ಲಚ್ ಡ್ರಮ್ ಮೂರೂ ಒಟ್ಟಿಗೇ ಹೊರಬರಬೇಕು. ನಟ್ ಬರದಿದ್ದರೆ ಪೈಪ್ ಸಿಕ್ಕಿಸಿ ಜಗ್ಗುವ ಮೊದಲು ಮ್ಯಾನ್ಯುಯಲ್‌ನಲ್ಲಿ ಅದು ಎಡ ಥ್ರೆಡ್ಡಾ ಬಲ ಥ್ರೆಡ್ಡಾ, ಅಂದರೆ ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಅಂತ ನೋಡಿ. ಹಳೆ ಎಂಜಿನ್‌ಗಳಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಬಿಚ್ಚಿಕೊಳ್ಳುತ್ತವೆ ಅಂತ ನಂಬುವ ಹಾಗಿಲ್ಲ.

ಕ್ರ್ಯಾಂಕ್‌ಕೇಸ್ ಎರಡು ಹೋಳು. ಮಧ್ಯೆ ಉದ್ದಕ್ಕೆ ಸೀಳುತ್ತದೆ. ಇಲ್ಲೇ ನಮ್ಮ ಊರುಗಳ ಮೆಕ್ಯಾನಿಕ್ ಚರಿತ್ರೆ ಕಾಣುವುದು. ನನ್ನ ಎಂಜಿನ್‌ನ ಹೋಳುಗಳು ಸೇರುವ ಜಾಗದಲ್ಲಿ, ಕೆಳಗಡೆ, ಅಕ್ಕಿಕಾಳಿನಷ್ಟು ಉದ್ದದ ಒಂದು ಗಾಯ ಇತ್ತು. ಯಾರೋ ಹಿಂದೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದ್ದಾರೆ. ಅಲ್ಯೂಮಿನಿಯಂ ಮೆದು, ತಗ್ಗು ಬೀಳುವುದಷ್ಟೇ ಅಲ್ಲ, ಪಕ್ಕದಲ್ಲಿ ಸಣ್ಣ ದಿಬ್ಬ ಏಳುತ್ತದೆ. ಆ ದಿಬ್ಬ ಎರಡೂ ಹೋಳುಗಳನ್ನು ಕೂದಲೆಳೆಯಷ್ಟು ದೂರ ಇಡುತ್ತದೆ. ಅದನ್ನು ಮುಚ್ಚಲು ಮೇಲೆ ದಪ್ಪಗೆ ಶೆಲಾಕ್ (ಅರಗಿನ ಅಂಟು) ಬಳಿದಿದ್ದರು. ಅದೂ ಒಣಗಿ ಬಿರುಕು ಬಿಟ್ಟಿತ್ತು.

ನಾನು ಎಬ್ಬಲೇ ಇಲ್ಲ. ಸ್ಕ್ರೂ ಎಲ್ಲ ತೆಗೆದು, ಬೇರಿಂಗ್ ಕೂತ ಜಾಗದ ಸುತ್ತ ಹೀಟ್ ಗನ್‌ನಲ್ಲಿ ಕಾಯಿಸಿ, ಮರದ ಸುತ್ತಿಗೆಯಲ್ಲಿ ಗಟ್ಟಿ ಅಂಚುಗಳಿಗೆ ಮಾತ್ರ ತಟ್ಟಿದೆ. ನಿಧಾನಕ್ಕೆ ಬಿಟ್ಟುಕೊಂಡಿತು. ದಿಬ್ಬ ತೆಗೆಯಲು ಟೇಬಲ್ ಮೇಲೆ ದಪ್ಪ ಗಾಜು, ಅದರ ಮೇಲೆ ನುಣುಪಾದ ಎಮರಿ ಪೇಪರ್, ಸ್ವಲ್ಪ ಎಣ್ಣೆ. ಜೋಡಣೆಯ ಮುಖಕ್ಕೆ ಮಾರ್ಕರ್ ಪೆನ್‌ನಲ್ಲಿ ಗೀಚಿ, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಬೇಕು. ಮೊದಲು ದಿಬ್ಬದ ಮೇಲಿನ ಮಸಿ ಮಾತ್ರ ಹೋಗುತ್ತದೆ. ಎಲ್ಲ ಕಡೆ ಸಮನಾಗಿ ಹೋಗಲು ಶುರುವಾದ ಕೂಡಲೇ ನಿಲ್ಲಿಸಬೇಕು. ಜಾಸ್ತಿ ಉಜ್ಜಿದರೆ ಒಳಗಿನ ಶಾಫ್ಟ್‌ಗಳಿಗೆ ಅಕ್ಕಪಕ್ಕ ಆಡಲು ಇರುವ ಸಂದೇ ಕಡಿಮೆಯಾಗುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಎರಡು ಕೆಲಸ ಮನೆಯಲ್ಲಿ ಮಾಡಲಾಗುವುದಿಲ್ಲ, ಮಾಡಲೂಬಾರದು. ಒಂದು ಬೋರಿಂಗ್, ಇನ್ನೊಂದು ಕ್ರ್ಯಾಂಕ್. ಈ ಕ್ರ್ಯಾಂಕ್ ಬಿಡಿಬಿಡಿಯಾಗಿ ಒತ್ತಿ ಕೂಡಿಸಿದ್ದು. ಹೊಸ ಕನೆಕ್ಟಿಂಗ್ ರಾಡ್ ಹಾಕಲು ಪ್ರೆಸ್ ಬೇಕು, ಆಮೇಲೆ ಎರಡೂ ತುದಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೇರ ಮಾಡಬೇಕು. ಲೇತ್‌ನವರು "ಕಣ್ಣಲ್ಲೇ ಗೊತ್ತಾಗುತ್ತೆ ಸಾರ್" ಅಂದರೆ ಕ್ರ್ಯಾಂಕ್ ವಾಪಸ್ ತಗೊಂಡು ಬನ್ನಿ. ಓಲಾಟ 0.03 ಮಿ.ಮೀ. ದಾಟದ ಹಾಗೆ ಮಾಡಿಕೊಡುವವರನ್ನು ಹುಡುಕಿ, ಪಕ್ಕದಲ್ಲೇ ನಿಂತು ಮುಳ್ಳು ನೋಡಿದೆ. ಕ್ರ್ಯಾಂಕ್ ಓಲಾಡಿದರೆ ಎಂಥ ಒಳ್ಳೆ ಸೀಲ್ ಹಾಕಿದರೂ ಅದರ ತುಟಿ ಬೇಗ ಸವೆಯುತ್ತದೆ. ಬೋರಿಂಗ್‌ಗೆ ಪಿಸ್ಟನ್ ಮೊದಲು ಕೊಂಡುಕೊಂಡೇ ಹೋಗಬೇಕು. ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕೇ ಹೊರತು ಡಬ್ಬಿ ಮೇಲೆ ಬರೆದ ಅಳತೆಗಲ್ಲ. ಬೋರ್ ಆದ ಮೇಲೆ ಪೋರ್ಟ್‌ಗಳ ಅಂಚು ಚೂಪಾಗಿರುತ್ತವೆ. ಅವನ್ನು ಸಣ್ಣ ಅರದಲ್ಲಿ ಮೊಂಡು ಮಾಡಿಸಿ, ಇಲ್ಲದಿದ್ದರೆ ರಿಂಗ್ ಸಿಕ್ಕಿಕೊಳ್ಳುತ್ತದೆ.

ಬೇರಿಂಗ್ ಹಾಕಲು ಸುತ್ತಿಗೆ ಬೇಡ. ಬೇರಿಂಗನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ರಾತ್ರಿ ಫ್ರೀಜರ್‌ನಲ್ಲಿಟ್ಟೆ. (ಮನೆಯವರಿಗೆ ಮೊದಲೇ ಹೇಳಿಡಿ.) ಬೆಳಗ್ಗೆ ಕೇಸನ್ನು ನೀರಿನ ಹನಿ ಚುರ್ ಅನ್ನುವಷ್ಟು ಕಾಯಿಸಿ, ಬೇರಿಂಗ್ ನೇರವಾಗಿ ಬಿಟ್ಟರೆ ಟಕ್ ಅಂತ ಕೂರುತ್ತದೆ. ಹಳೆ ಬೇರಿಂಗ್ ಮೇಲಿನ ನಂಬರ್‌ನದೇ ತಗೊಳ್ಳಿ, ಕ್ರ್ಯಾಂಕ್‌ಗೆ ಸಿ3 ಕ್ಲಿಯರೆನ್ಸ್ (ಒಳಗೆ ಸ್ವಲ್ಪ ಜಾಸ್ತಿ ಸಡಿಲ) ಇರುವುದು ಇರಲಿ. ಕೇಸ್ ಆರಿದ ಮೇಲೇ ಸೀಲ್, ತುಟಿಗೆ ಸ್ವಲ್ಪ ಗ್ರೀಸ್. ಗೇರ್‌ಬಾಕ್ಸ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಶಿಮ್‌ಗಳನ್ನು (ಸಂದು ಸರಿಮಾಡುವ ತೆಳು ವಾಷರ್‌ಗಳನ್ನು) ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಟ್ಟಿದ್ದೆ, ಅದೇ ಕ್ರಮದಲ್ಲಿ ಹೋದವು.

ಎರಡೂ ಹೋಳು ಸೇರಿಸಿ, ಸಿಲಿಂಡರ್ ಮತ್ತು ಹೆಡ್ ಕೂರಿಸಿದ ಮೇಲೆ ತುಂಬಾ ಜನ ಮಾಡದ ಒಂದು ಕೆಲಸ ಇದೆ. ಪ್ರೆಶರ್ ಟೆಸ್ಟ್. ಕ್ಲಚ್, ಡೈನಮೋ ಹಾಕುವ ಮೊದಲೇ ಮಾಡಬೇಕು, ಆಗ ಸೀಲ್‌ಗಳು ಕಣ್ಣಿಗೆ ಕಾಣುತ್ತವೆ. ಇದಕ್ಕೆ ನಾನು ಬಳಸಿದ್ದು ಹಳೆ ಬಿಪಿ ಮಿಷನ್. ಡಾಕ್ಟರ್ ತೋಳಿಗೆ ಕಟ್ಟಿ ಊದುವ ರಬ್ಬರ್ ಬುರುಡೆ ಮತ್ತು ಮುಳ್ಳಿನ ಗೇಜ್ ಇದೆಯಲ್ಲ, ಅದೇ. ಅದರ 300ರ ಗುರುತು ಅಂದರೆ ಹತ್ತಿರ ಹತ್ತಿರ 6 ಪಿಎಸ್ಐ (ಟೈರಿನ ಗಾಳಿ ಅಳೆಯುವ ಲೆಕ್ಕ). ನಮಗೆ ಬೇಕಾದದ್ದು ಅಷ್ಟೇ. ಅದಕ್ಕಿಂತ ಜಾಸ್ತಿ ಊದಿದರೆ ಸೀಲೇ ಹಾಳಾಗಬಹುದು.

ಎರಡೂ ಎಕ್ಸಾಸ್ಟ್ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ ಮರದ ಬಿರಡೆ, ಕಾರ್ಬುರೇಟರ್ ಕೂರುವ ಜಾಗಕ್ಕೆ ರಬ್ಬರ್ ಶೀಟು ಮತ್ತು ಮೇಲೊಂದು ಕಬ್ಬಿಣದ ತಗಡು. ಹಳೆ ಸ್ಪಾರ್ಕ್ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು ಅದರಲ್ಲಿ ಸಣ್ಣ ಪೈಪ್ ಅಂಟಿಸಿ, ಅದಕ್ಕೆ ಬಿಪಿ ಮಿಷನ್‌ನ ಟ್ಯೂಬ್. ಪಿಸ್ಟನ್ ಕೆಳಗಿನ ತುದಿಯಲ್ಲಿರಲಿ, ಆಗ ಪೋರ್ಟ್‌ಗಳು ತೆರೆದು ಮೇಲೂ ಕೆಳಗೂ ಒಂದೇ ಆಗುತ್ತದೆ. ಊದಿ, ಮುಳ್ಳು ನೋಡಿ. ಮೊದಲ ಸಲ ಮುಳ್ಳು ಜರಜರ ಇಳಿಯಿತು. ಬ್ರಷ್‌ನಲ್ಲಿ ಸೋಪಿನ ನೀರು ಬಳಿಯುತ್ತಾ ಹೋದೆ. ಸೀಲ್‌ಗಳಲ್ಲಿ ಏನೂ ಇಲ್ಲ, ಉಜ್ಜಿದ ಜೋಡಣೆಯಲ್ಲೂ ಇಲ್ಲ. ಸಿಲಿಂಡರ್ ಬುಡದಲ್ಲಿ, ಹಿಂಬದಿಯ ಸ್ಟಡ್ ಪಕ್ಕ, ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅಂಗಡಿಯಿಂದ ತಂದ ಗ್ಯಾಸ್ಕೆಟ್ ಸೆಟ್‌ನ ಕಾಗದ ತುಂಬಾ ತೆಳು. ಗ್ಯಾಸ್ಕೆಟ್ ಶೀಟ್ ತಂದು ಹಳೆಯದರ ಅಳತೆಯಲ್ಲಿ ನಾನೇ ಕತ್ತರಿಸಿ ಹಾಕಿದೆ. ಆಮೇಲೆ ಮುಳ್ಳು ನಿಂತ ಕಡೆಯೇ ನಿಂತಿತು. ಈ ಟೆಸ್ಟ್ ಮಾಡದೆ ಎಂಜಿನ್ ಫ್ರೇಮಿಗೆ ಏರಿಸಿದ್ದರೆ "ಟ್ಯೂನಿಂಗ್ ಸರಿಯಿಲ್ಲ" ಅಂತ ಕಾರ್ಬುರೇಟರ್ ತಿರುಚುತ್ತಾ ಕೂರಬೇಕಿತ್ತು.

ಟೈಮಿಂಗ್, ಅಂದರೆ ಪ್ಲಗ್ ಕಿಡಿ ಯಾವಾಗ ಹಾರಬೇಕು ಅನ್ನುವುದು, ಹೆಚ್ಚು ಕಷ್ಟವಲ್ಲ. ಪಾಯಿಂಟ್ ತೆರೆದಾಗ ಕಿಡಿ ಹಾರುತ್ತದೆ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಪ್ಲಗ್ ರಂಧ್ರದಲ್ಲಿ ಡಯಲ್ ಗೇಜ್ ಇಟ್ಟು ಪಿಸ್ಟನ್ ಮೇಲಿನ ತುದಿ ಹುಡುಕಿ, ಮ್ಯಾನ್ಯುಯಲ್ ಹೇಳಿದಷ್ಟು ಮಿ.ಮೀ. ಹಿಂದೆ ತಂದು, ಅಲ್ಲಿ ಪಾಯಿಂಟ್ ತೆರೆಯಲು ಶುರುವಾಗಬೇಕು. ಮಧ್ಯೆ ಸಿಗರೇಟ್ ಹಾಳೆ ಹಿಡಿದು, ಅದು ಸಡಿಲಾಗುವ ಕ್ಷಣ ನೋಡುವ ಹಳೆ ಉಪಾಯ ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ರನ್ನಿಂಗ್-ಇನ್ (ಹೊಸ ಭಾಗಗಳು ಪಳಗುವವರೆಗಿನ ನಿಧಾನದ ಓಟ) ಮುಗಿಯುವವರೆಗೆ ಲೀಟರ್ ಪೆಟ್ರೋಲ್‌ಗೆ 50 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿದೆ, ಆಮೇಲೆ 40. ಮೊದಮೊದಲು ಸ್ವಲ್ಪ ಓಡಿಸಿ, ಪೂರ್ತಿ ಆರಲು ಬಿಟ್ಟು, ಹೆಡ್ ನಟ್‌ಗಳನ್ನು ಮತ್ತೆ ಬಿಗಿ ನೋಡಿದೆ. ಹೊಗೆ ಈಗ ತಿಳಿ ನೀಲಿ, ಅದೂ ತಣ್ಣಗಿರುವಾಗ ಮಾತ್ರ. ಪ್ಲಗ್ ಕಾಫಿಪುಡಿ ಬಣ್ಣ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿಯೇ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಹೊಸ ಬೇರಿಂಗ್‌ಗೂ ತುಕ್ಕು ಬರಬಹುದು.

ಎರಡರಿಂದ ಮೂರನೇ ಗೇರ್‌ಗೆ ಹೋಗುವಾಗ ಅಪರೂಪಕ್ಕೊಮ್ಮೆ ಮಧ್ಯೆ ನ್ಯೂಟ್ರಲ್ ಸಿಗುತ್ತದೆ. ಗೇರ್ ಸರಿಸುವ ಸೆಲೆಕ್ಟರ್ ಫೋರ್ಕ್ ಸ್ವಲ್ಪ ಸವೆದಿತ್ತು, ಒಳ್ಳೆಯದು ಸಿಗಲಿಲ್ಲ, ಹಳೆಯದನ್ನೇ ಹಾಕಿದ್ದೆ. ಅದಕ್ಕಾಗಿ ಕೇಸ್ ಮತ್ತೆ ಬಿಚ್ಚುವ ಯೋಚನೆ ಸದ್ಯಕ್ಕಿಲ್ಲ. ಒಳ್ಳೆ ಫೋರ್ಕ್ ಎಲ್ಲಾದರೂ ಸಿಕ್ಕರೆ ತೆಗೆದಿಡುತ್ತೇನೆ.